ಚಾರ್ಟಿನಲ್ಲಿಲ್ಲದ ಸೀರೆ

ನನ್ನ ಮಗಳು ಶೀತಲ್‌ಳ ಶಾಲೆಯಲ್ಲಿ ಈ ಸಲ ಜನವರಿ ಇಪ್ಪತ್ತಾರಕ್ಕೆ ರಾಜ್ಯಗಳ ಮೆರವಣಿಗೆ. ಒಬ್ಬೊಬ್ಬ ಹುಡುಗಿ ಒಂದೊಂದು ರಾಜ್ಯ. ನಮ್ಮವಳಿಗೆ ಕರ್ನಾಟಕ ಬಂತು. ಸುದ್ದಿ ಕೇಳಿದ್ದೇ ತಡ, ನನ್ನ ಅತ್ತೆ ಇಂದ್ರಾಬಾಯಿ ಟ್ರಂಕು ತೆಗೆದು ತಮ್ಮ ಇಳಕಲ್ ಸೀರೆ ಹೊರಗೆ ಹಾಕಿದರು. ಕಲಬುರ್ಗಿಯಿಂದ ಮುಂಬಯಿಯ ವಡಾಲಕ್ಕೆ ಬಂದು ನಲವತ್ತು ವರ್ಷವಾದರೂ ಅವರು ಕಚ್ಚೆ ಹಾಕಿಯೇ ಸೀರೆ ಉಡುವವರು. ಮೂರು ದಿನ ಕೂತು ಸೀರೆಯನ್ನು ಮೊಮ್ಮಗಳ ಅಳತೆಗೆ ಮಡಚಿ ಹೊಲಿದರು, ಕಚ್ಚೆ ಹಾಕುವುದನ್ನು ಕಲಿಸಿದರು. ಒಂಬತ್ತು ವರ್ಷದ ಹುಡುಗಿ ಚಾಳಿನ ಪ್ಯಾಸೇಜಿನಲ್ಲಿ ಥೇಟ್ ಅಜ್ಜಿಯ ಹಾಗೆ ನಡೆದು ಎಲ್ಲರನ್ನೂ ನಗಿಸಿದಳು.

ಪ್ರಾಕ್ಟೀಸಿನ ದಿನ ಅತ್ತುಕೊಂಡು ಬಂದಳು.

"ಮಮ್ಮಿ, ಟೀಚರ್ ಬೋಲಿ, ಇದು ಮಹಾರಾಷ್ಟ್ರದ್ದು ಅಂತ. ಕರ್ನಾಟಕದ್ದು ಹಾಕ್ಕೊಂಡು ಬಾ, ನಹೀಂ ತೋ ಬ್ಯಾರೆಯವ್ರಿಗೆ ಕೊಡ್ತಾರಂತ."

ನನಗೆ ಮೈಯೆಲ್ಲ ಉರಿದುಹೋಯಿತು. ಮಾಟುಂಗದಲ್ಲಿ ಎರಡು ಮನೆಗೆ ಅಡುಗೆ ಮಾಡುವವಳು ನಾನು. ಮರುದಿನ ಒಂದು ಮನೆಗೆ ಬರುವುದಿಲ್ಲವೆಂದು ಹೇಳಿ ಶಾಲೆಗೆ ಹೋದೆ. ಟೀಚರ್ ಗೋಡೆಯ ಚಾರ್ಟು ತೋರಿಸಿದರು. ಒಂದೊಂದು ರಾಜ್ಯಕ್ಕೆ ಒಂದೊಂದು ಚೌಕ, ಚೌಕದಲ್ಲಿ ಗಂಡ ಹೆಂಡತಿ. ಕರ್ನಾಟಕದ ಹೆಂಡತಿಗೆ ಹಸಿರು ರೇಷ್ಮೆ ಸೀರೆ, ಸೊಂಟಕ್ಕೆ ಡಾಬು, ತಲೆತುಂಬ ಮಲ್ಲಿಗೆ. ಕಚ್ಚೆ ಹಾಕಿದವಳು ಮಹಾರಾಷ್ಟ್ರದ ಚೌಕದಲ್ಲಿದ್ದಳು.

"ನಮ್ಮ ಕಡೆ ಮುದುಕಿಯರೆಲ್ಲ ಹೀಗೇ ಉಡುತ್ತಾರೆ, ಟೀಚರ್" ಎಂದೆ ಹಿಂದಿಯಲ್ಲಿ.

"ಇರಬಹುದು. ಆದರೆ ನೋಡುವವರಿಗೆ ತಿಳಿಯಬೇಕಲ್ಲ? ಪರೀಕ್ಷೆಯಲ್ಲೂ ಇದೇ ಚಿತ್ರ ಬರುತ್ತದೆ."

ಕೆಟ್ಟವರೇನಲ್ಲ, ಕುಡಿಯಲು ನೀರೂ ಕೊಟ್ಟರು. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ದೇಶ ದೊಡ್ಡದು, ಗೊತ್ತು. ಎರಡು ಸೀರೆಗೆ ಜಾಗವಿಲ್ಲದ ಈ ಚೌಕ ಬರೆದ ಪುಣ್ಯಾತ್ಮ ಯಾರು? ಒಂದು ಸಲವಾದರೂ ಕಲಬುರ್ಗಿಯಲ್ಲಿ ಬಸ್ಸು ಇಳಿದಿದ್ದನೇ?

ಅಲ್ಲಿಂದ ಕನ್ನಡ ಸಂಘಕ್ಕೆ ಹೋದೆ. ನಮ್ಮದೂ ಕರ್ನಾಟಕದ ಉಡುಪೇ ಎಂದು ಒಂದು ಚೀಟಿ ಬರೆದುಕೊಟ್ಟಾರೆಂಬ ಆಸೆ. ಕಾರ್ಯದರ್ಶಿ ತಿಲಕ್, ಮಂಗಳೂರು ಕಡೆಯವರು, ಪೂರ್ತಿ ಕೇಳಿಸಿಕೊಂಡು ಕಪಾಟು ತೆಗೆದರು.

"ಚೀಟಿ ಎಂತಕ್ಕಮ್ಮ? ಡ್ರೆಸ್ಸೇ ಉಂಟು, ತಗೊಂಡು ಹೋಗಿ. ರಾಜ್ಯೋತ್ಸವಕ್ಕೆ ನಮ್ಮ ಮಕ್ಕಳು ಪ್ರತಿವರ್ಷ ಹಾಕುದು ಇದನ್ನೇ."

ಅದೇ ಹಸಿರು ರೇಷ್ಮೆ, ಅದೇ ಡಾಬು.

"ಸರ, ಇಳಕಲ್ಲೂ ಕರ್ನಾಟಕದಾಗ ಅದರೀ."

"ಇಲ್ಲ ಅಂತ ಯಾರು ಹೇಳಿದ್ದು? ಆದ್ರೆ ನೋಡುವವರಿಗೆ ಗೊತ್ತಾಗ್ಬೇಕಲ್ಲ."

ಇಲ್ಲೂ ಅದೇ ಮಾತು. ಯಾರಪ್ಪಾ ಈ ನೋಡುವವರು? ನಮಗೆ ಕಣ್ಣಿಲ್ಲವೇ? ಬೇಡವೆಂದು ಎದ್ದು ಬರಬೇಕಿತ್ತು. ಮಗಳ ಅಳುಮುಖ ಕಣ್ಣ ಮುಂದೆ ಬಂತು. ತೆಪ್ಪಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಂದೆ.

ಅತ್ತೆ ತಾವು ಹಾಕಿದ ಹೊಲಿಗೆಯನ್ನು ತಾವೇ ಬಿಚ್ಚಿ, ಇಪ್ಪತ್ತಾರರಂದು ಅದೇ ಸೀರೆ ಉಟ್ಟು ನನ್ನ ಜೊತೆ ಶಾಲೆಗೆ ಬಂದರು. ಮೈಕಿನಲ್ಲಿ "ಕರ್ನಾಟಕ" ಎಂದಾಗ ಶೀತಲ್ ಡಾಬು ಸರಿಮಾಡಿಕೊಳ್ಳುತ್ತ ನಡೆದುಬಂದಳು. ಜೋರು ಚಪ್ಪಾಳೆ. ಅತ್ತೆಯೂ ತಟ್ಟಿದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆ ಖುಷಿಯ ಮೇಲೂ ಸಿಟ್ಟು ಬಂತು.

ಮನೆಗೆ ಬರುವ ದಾರಿಯಲ್ಲಿ ಶೀತಲ್ ಅಜ್ಜಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅಜ್ಜಿ, ನೀ ಮಹಾರಾಷ್ಟ್ರ. ನಾ ಕರ್ನಾಟಕ."

ಅತ್ತೆ ನಕ್ಕರು. "ಇಲ್ಲವಾ, ನಾ ಕಲಬುರ್ಗಿಯಾಕಿ."

"ನಹೀಂ ಅಜ್ಜಿ, ನಿಂದು ರಾಂಗ್ ಅದ. ಟೀಚರ್ ಹೇಳ್ಯಾರ. ಮಮ್ಮಿಗೂ ಗೊತ್ತದ."

ಅತ್ತೆ ನಗು ನಿಲ್ಲಿಸಿ ನನ್ನ ಮುಖ ನೋಡಿದರು. ಬೆಳಿಗ್ಗೆ ಆ ಡಾಬನ್ನು ಮಗಳ ಸೊಂಟಕ್ಕೆ ಕಟ್ಟಿದವಳು ನಾನೇ.