ಬಹುಮತದಿಂದ ಅಳಿಸಿದ್ದು

ನಮ್ಮೂರಿನವರಿಗೆ ಓಟು ಹಾಕದೆ ಉಂಡ ಅನ್ನ ಅರಗುವುದಿಲ್ಲ. ಇಲ್ಲದಿದ್ದರೆ ಕಂಪ್ಯೂಟರಿನ ಡಿಸ್ಕಿನಲ್ಲಿ ಒಂದು ಭಾಗ ಖಾಲಿಯೋ ಅಲ್ಲವೋ ಎಂಬುದನ್ನು ಯಾರಾದರೂ ಕೈ ಎತ್ತಿಸಿ ತೀರ್ಮಾನಿಸುತ್ತಾರೆಯೇ? ಪಯ್ಯನ್ನೂರಿನ ಆಚೆಗಿನ ನಮ್ಮ ವಾಚನಶಾಲೆಯ ಸಮಿತಿ ಅದನ್ನೇ ಮಾಡಿತು. ಆರು ಜನ ಖಾಲಿ ಎಂದರು, ಇಬ್ಬರು ಅಲ್ಲ ಎಂದರು. ಒಬ್ಬರು ಚಹಾ ಕುಡಿಯುತ್ತಿದ್ದರಂತೆ, ತಟಸ್ಥ.

ಆ ಕಂಪ್ಯೂಟರಿನಲ್ಲಿ ಒಂದು ಕಡೆ ವಿಂಡೋಸ್, ಇನ್ನೊಂದು ಕಡೆ ನಾನು ಹಾಕಿಕೊಟ್ಟ ಲಿನಕ್ಸ್. ವಿಂಡೋಸಿನಿಂದ ನೋಡಿದರೆ ಲಿನಕ್ಸಿನ ಭಾಗಕ್ಕೆ ಹೆಸರಿಲ್ಲ, ಒಳಗಿರುವುದೂ ಕಾಣುವುದಿಲ್ಲ, ಪರದೆಯ ಮೇಲೆ ಬರೀ ಒಂದು ಬಣ್ಣದ ಪಟ್ಟಿ. ಅದರೊಳಗೆ ನಮ್ಮೂರಿನ ಕಾರ್ತ್ಯಾಯನಿಯಮ್ಮ ಹಾಡಿದ ಗದ್ದೆ ನಾಟಿಯ ಇಪ್ಪತ್ತೇಳು ಹಾಡುಗಳಿದ್ದವು. ಮೂರು ಬೇಸಿಗೆ ಅವರ ಜಗಲಿಯಲ್ಲಿ ಕೂತು ನಾನೇ ರೆಕಾರ್ಡ್ ಮಾಡಿದ್ದು. ಅವರು ಹೋಗಿ ವರ್ಷವಾಗುತ್ತಾ ಬಂತು. ಬೇರೆ ಪ್ರತಿ ಇರಲಿಲ್ಲ. ಎರಡು ಕಡೆ ಉಳಿಸಿಡಿ ಎಂದು ಶಾಲೆಯಲ್ಲಿ ಮಕ್ಕಳೆದುರು ಗಂಟಲು ಹರಿದುಕೊಳ್ಳುವವಳು ನಾನು. ಥೂ, ನನ್ನ ಮೇಲೂ ಹೇಸಿಗೆಯಾಗುತ್ತದೆ.

ಕಾರ್ಯದರ್ಶಿ ದಿವಾಕರನ್ ಮೇಷ್ಟ್ರು, ನಮ್ಮೂರ ಬಾಯಲ್ಲಿ ಮಾಷ್, ಆ ಭಾಗವನ್ನು ಅಳಿಸಿ, ಜಾಗವನ್ನೆಲ್ಲ ವಿಂಡೋಸಿಗೆ ಸೇರಿಸಿ, ಕೂತಲ್ಲೇ ವಾರ್ಷಿಕೋತ್ಸವದ ನಾಲ್ಕು ಸಾವಿರ ಫೋಟೋ ತುಂಬಿಸಿದ್ದರು. ಮರುದಿನ ಯಂತ್ರ ಏಳಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಒಂದು ಸಾಲು ಇಂಗ್ಲಿಷ್. ಅದನ್ನು ಎಬ್ಬಿಸುವ ಕೆಲಸ ಲಿನಕ್ಸಿನದಾಗಿತ್ತು. ಅದನ್ನೇ ಕೊಂದ ಮೇಲೆ ಎಬ್ಬಿಸುವವರು ಯಾರು?

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಕಾರ್ತ್ಯಾಯನಿಯಮ್ಮನ ಮಗಳು ವನಜೇಚ್ಚಿ ಬಂದು ಬೆಂಚಿನ ಮೇಲೆ ಕೂತಿದ್ದರು. ತಾಯಿ ಸತ್ತ ಮೇಲೆ ಆ ದನಿ ಕೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ಈಗ ಬಂದಿತ್ತು. ಬುಧವಾರದ ಶ್ರಾದ್ಧಕ್ಕೆ ಒಂದು ಹಾಡಾದರೂ ಬೇಕೆಂದರು.

ಪೆನ್‌ಡ್ರೈವಿನಿಂದ ಯಂತ್ರ ಶುರುಮಾಡಿ ಅಳಿದ ಭಾಗವನ್ನು ಹುಡುಕಲು ಬಿಟ್ಟೆ. ಮಾಷ್ ನನ್ನ ಹೆಗಲ ಹಿಂದೆಯೇ ನಿಂತರು. ಪತ್ರಿಕೆಗೆ ಫೋಟೋ ಕಳಿಸಬೇಕು, ಮೊದಲು ವಿಂಡೋಸ್ ಎಬ್ಬಿಸಿ ಎಂದು ಒಂದೇ ಸಮನೆ ಪೀಡಿಸಿದರು. ಈಗ ಡಿಸ್ಕಿನ ಮೇಲೆ ಏನು ಬರೆದರೂ ಉಳಿದದ್ದೂ ಹೋಗುತ್ತದೆ ಎಂದು ಮೂರು ಸಲ ಹೇಳಿದೆ.

"ತಪ್ಪು ನನ್ನೊಬ್ಬಂದಲ್ಲ ಟೀಚರೇ," ಎಂದರು ಮಾಷ್. "ಸಮಿತಿ ತೀರ್ಮಾನ. ನಡಾವಳಿ ಪುಸ್ತಕದಲ್ಲಿದೆ, ಬೇಕಿದ್ರೆ ನೋಡಿ."

ಮೂರು ಗಂಟೆಯ ನಂತರ ಮೊದಲು ಮೇಲೆ ಬಂದದ್ದು ಫೋಟೋಗಳು. ಶಾಲು ಹೊದಿಸುವ ಮಾಷ್, ಹೊದಿಸಿಕೊಳ್ಳುವ ಮಾಷ್, ಅದೇ ಶಾಲು ಐದು ಕೋನದಿಂದ. ನಾಲ್ಕು ಸಾವಿರದಲ್ಲಿ ಒಂದಕ್ಕೂ ಗೀರು ಬಿದ್ದಿಲ್ಲ. "ಸದ್ಯ, ಎಲ್ಲಾ ಸೇಫ್," ಎಂದು ಮಾಷ್ ಉಸಿರು ಬಿಟ್ಟರು.

ಇಪ್ಪತ್ತೇಳರಲ್ಲಿ ಸಿಕ್ಕಿದ್ದು ಒಂದು ಹಾಡು. ಹಾಕಿದೆ. ಕಾರ್ತ್ಯಾಯನಿಯಮ್ಮ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹಾಡು ಎತ್ತಿಕೊಂಡರು. ವನಜೇಚ್ಚಿ ಕಣ್ಣು ಮುಚ್ಚಿದರು. ಒಂದು ನಿಮಿಷವಾಗಿರಬಹುದು, ಸಾಲಿನ ನಡುವೆಯೇ ಹಾಡು ಕತ್ತರಿಸಿ, ತಗಡು ಉಜ್ಜಿದ ಹಾಗೆ ಕರಕರ ಶುರುವಾಯಿತು. ನಿಲ್ಲಲೇ ಇಲ್ಲ.

"ಅದೇನು ಟೀಚರೇ, ಆ ಸದ್ದು?"

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಅಲ್ಲಿಂದ ಮಾಷ್ ಅವರ ಫೋಟೋ, ವನಜೇಚ್ಚಿ. ಹಾಡಿನ ಮೇಲೇ ಕೂತಿದೆ."

ಅವರು ಮಾಷ್ ಕಡೆ ತಿರುಗಲೂ ಇಲ್ಲ.

"ಇನ್ನೊಂದ್ಸಲ ಹಾಕಿ," ಎಂದರು. "ಅವ್ರು ಬರೋ ಮೊದ್ಲು ನಿಲ್ಸಿ."