ಇಟ್ಕೊಂಡಿರು, ಬರ್ತೀನಿ

ಅತ್ತಿಗೆಗೆ ಸ್ವಂತದ್ದು ಅಂತ ಒಂದು ಅಡುಗೆಮನೆ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಇದ್ದದ್ದು ಅತ್ತೆಯ ಅಡುಗೆಮನೆ. ಪರದೇಶಕ್ಕೆ ಬಂದ ಮೇಲೆ ಸಿಕ್ಕದ್ದು ಒಂದು ಮಹಡಿಯ ಬಾಡಿಗೆದಾರರೆಲ್ಲ ಹಂಚಿಕೊಳ್ಳುವ ಅಡುಗೆಮನೆ. ಅದರಲ್ಲಿ ಅವಳ ಪಾಲಿಗೆ ಫ್ರಿಜ್ಜಿನ ಕೆಳಗಿನ ಖಾನೆ ಮತ್ತು ಒಲೆಯ ಎಡಗಡೆಯ ಬರ್ನರ್. ಆ ಬರ್ನರ್ ಕೂಡ ಮನಸ್ಸು ಬಂದಾಗ ಮಾತ್ರ ಹತ್ತುತ್ತಿತ್ತು.

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಮೊದಲು ಹೆಂಡತಿಯನ್ನು, ಆಮೇಲೆ ತಂಗಿಯನ್ನು ಇಲ್ಲಿಗೆ ಕರೆಸಿಕೊಂಡವನು ಅವನೇ. ತಂಗಿ ಬಂದ ಮರುವರ್ಷ ಎದೆ ಹಿಡಿದ ಹಾಗಿದೆ ಎಂದು ಕೆಲಸದಿಂದ ಬೇಗ ಬಂದು ಮಲಗಿದ. ಮತ್ತೆ ಏಳಲಿಲ್ಲ. ಉಳಿದವರು ಇಬ್ಬರು ಹೆಂಗಸರು, ಒಂದು ರೂಮು. ಅತ್ತಿಗೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ, ನಾದಿನಿಗೆ ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ. ವಾಪಸ್ ಬನ್ನಿ ಎಂದು ಊರಿನಿಂದ ಯಾರೂ ಒತ್ತಾಯ ಮಾಡಲಿಲ್ಲ. ಇವರೂ ಹೋಗಲಿಲ್ಲ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಹಳೇ ಸಾಮಾನಿನ ಅಂಗಡಿಯೊಂದಿತ್ತು. ಮನೆ ಖಾಲಿ ಮಾಡಿದವರದು, ಸತ್ತವರದು, ಬೇಸರ ಬಂದವರದು ಎಲ್ಲ ಅಲ್ಲಿಗೆ ಬರುತ್ತಿತ್ತು. ರಜೆಯ ದಿನ ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋಗುವುದು ರೂಢಿಯಾಯಿತು. ಅತ್ತಿಗೆಗೆ ಕಣ್ಣಿಗಿಂತ ಕಿವಿಯ ಮೇಲೆ ನಂಬಿಕೆ. ಕಪ್ಪೊಂದನ್ನು ಅಂಗೈ ಮೇಲೆ ಕೂರಿಸಿಕೊಂಡು ಅಂಚಿಗೆ ಉಗುರಿನಿಂದ ಒಂದೇಟು ಕೊಡುತ್ತಿದ್ದಳು. ಠಣ್ ಎಂದರೆ ಸರಿ. ಟಪ್ ಎಂದರೆ ಕಣ್ಣಿಗೆ ಕಾಣದ ಬಿರುಕು ಎಲ್ಲೋ ಇದೆ ಎಂದು ವಾಪಸ್ ಇಡುತ್ತಿದ್ದಳು. ಅಂಗಡಿಯ ಮುದುಕ ಅವಳನ್ನು ಡಾಕ್ಟರ್ ಎಂದು ಕರೆಯುತ್ತಿದ್ದ.

ಹೀಗೆ ಒಂದೊಂದಾಗಿ ಆರು ಟೀ ಕಪ್ಪು ಬಂದವು.

"ಒಂದರ ಹಾಗೆ ಇನ್ನೊಂದಿಲ್ಲ. ಸಾಸರಂತೂ ಒಂದಕ್ಕೂ ಇಲ್ಲ," ಎಂದಳು ನಾದಿನಿ.

"ನೀನೂ ನಾನೂ ಒಂದೇ ತರ ಇದ್ದೀವೇನೇ? ಒಂದೇ ರೂಮಲ್ಲಿ ಬಾಳ್ತಾ ಇಲ್ವಾ?"

ಕಪ್ಪುಗಳಾದ ಮೇಲೆ ಒಂದು ಹಸಿರು ಗಾಜಿನ ಜಗ್ಗು ಬಂತು. ಒಳಗೆ ನೀರು ಹಾಕಿ ಕಿಟಕಿಯಲ್ಲಿಟ್ಟರೆ ಎದುರಿನ ಗೋಡೆ ಕೆರೆಯಂತೆ ಅಲುಗುತ್ತಿತ್ತು. ಒಗೆದಷ್ಟೂ ಮೆತ್ತಗಾಗುವ ದಪ್ಪ ನಾರಿನ ಮೂರು ಟವೆಲು ಬಂದವು. ಕೊನೆಗೆ ಗೋಡೆಗೆ ನೇತುಹಾಕುವ ಮರದ ಉಪ್ಪಿನ ಡಬ್ಬಿ. ಅದರ ಮುಚ್ಚಳಕ್ಕೆ ಕಬ್ಬಿಣದ ಕೀಲು ಇರಲಿಲ್ಲ, ತೊಗಲಿನ ಪಟ್ಟಿ ಇತ್ತು.

"ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತೆ ಅಂತ ತೊಗಲು ಹಾಕಿದಾನೆ ನೋಡು," ಎಂದಳು ಅತ್ತಿಗೆ. "ಮಾಡಿದೋನು ಹೆಂಡತಿ ಮಾತು ಕೇಳ್ತಿದ್ದ ಅಂತ ಕಾಣುತ್ತೆ."

ತಿನ್ನುವುದರಲ್ಲೂ ಹೀಗೇ. ಬೇಕರಿಯಲ್ಲಿ ಮಿಕ್ಕ ಕರಿ ಬ್ರೆಡ್ಡನ್ನು ನಾದಿನಿ ಮೊದಲ ಸಲ ತಂದಾಗ ಅತ್ತಿಗೆ ಮೂಸಿ ನೋಡಿ, "ಹುಳಿ ಬಂದಿದೆ ಕಣೇ ಹಿಟ್ಟಮ್ಮ, ನಿನಗೆ ಹಳಸಿದ್ದು ದಾಟಿಸಿದಾರೆ," ಎಂದಿದ್ದಳು. ನಾದಿನಿಯ ತಲೆಗೂದಲಲ್ಲಿ ಯಾವಾಗಲೂ ಹಿಟ್ಟು ಇರುತ್ತಿದ್ದುದರಿಂದ ಅವಳಿಗೆ ಆ ಹೆಸರು. ಆಮೇಲೆ ಆ ಬ್ರೆಡ್ಡಿಗೆ ಬೆಣ್ಣೆ ಸವರಿ, ಹೊಗೆಯ ವಾಸನೆ ಹಿಡಿಸಿದ ಉಪ್ಪನ್ನು ಉದುರಿಸಿ ತಿನ್ನುವುದನ್ನು ಕಂಡುಹಿಡಿದವಳು ಅತ್ತಿಗೆಯೇ. ಕಿತ್ತಳೆ ಸಿಪ್ಪೆಯ ಕಹಿ ಜಾಮನ್ನು ನಾಲಿಗೆಗಿಟ್ಟು, "ಉಪ್ಪಿನಕಾಯಿ ಆಗಬೇಕಿತ್ತು ಪಾಪ, ದಾರಿ ತಪ್ಪಿದೆ," ಎಂದಳು. ತಿಂಗಳೊಳಗೆ ಅದಿಲ್ಲದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ರಜೆಯ ದಿನ ಇಬ್ಬರೂ ಕಿಟಕಿಯ ಬಳಿ ಕೂತು ಆ ಕಪ್ಪುಗಳಲ್ಲಿ ಟೀ ಕುಡಿಯುತ್ತಿದ್ದರು. ಅತ್ತಿಗೆಗೆ ನೀಲಿ ಎಲೆಯ ಕಪ್ಪು, ನಾದಿನಿಗೆ ಹಳದಿಯದು. ಕಂದು ಬಣ್ಣದ ದಪ್ಪ ಕಪ್ಪು ಮಾತ್ರ ಇಬ್ಬರಿಗೂ ಬೇಡವಾಗಿತ್ತು.

ಅತ್ತಿಗೆ ದಿನಾ ಆಸ್ಪತ್ರೆಗೆ ಹೋಗುತ್ತಿದ್ದ ಬಸ್ಸಿನ ಡ್ರೈವರ್ ವಿಧುರ. ಅವನಿಗೆ ಇವರ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಅವನನ್ನು ಮದುವೆಯಾಗುತ್ತೇನೆ, ಅವನ ಊರಿಗೆ ಹೋಗಿ ಇರುತ್ತೇನೆ ಎಂದು ಅತ್ತಿಗೆ ಹೇಳಿದಾಗ ನಾದಿನಿ ಬಟ್ಟೆ ಮಡಚುತ್ತಿದ್ದಳು. "ಒಳ್ಳೇದು ಅತ್ತಿಗೆ," ಎಂದಳು. ನಿಜವಾಗಿಯೂ ಒಳ್ಳೆಯದೆಂದೇ ಅವಳಿಗೆ ಅನಿಸಿತ್ತು. ಆದರೆ ತಲೆ ಎತ್ತಿ ಹೇಳಲಿಲ್ಲ. ಸತ್ತ ಗಂಡನ ತಂಗಿ ತಲೆ ಎತ್ತಲಿಲ್ಲ ಎಂಬುದು ಅತ್ತಿಗೆಯ ಮನಸ್ಸಿನಲ್ಲಿ ಉಳಿಯಿತು.

ಸ್ಟೇಷನ್ನಿಗೆ ಬಿಡಲು ಹೋದಾಗ ಅತ್ತಿಗೆಯ ಕೈಯಲ್ಲಿ ಒಂದು ಸೂಟ್‌ಕೇಸ್ ಬಿಟ್ಟರೆ ಬೇರೇನೂ ಇರಲಿಲ್ಲ.

"ಅವರ ಮನೇಲಿ ಪಾತ್ರೆ ಪಗಡ ಎಲ್ಲ ಇದೆ. ಮೊದಲನೇ ಹೆಂಡತಿದು. ನಮ್ಮ ಸಾಮಾನೆಲ್ಲ ನೀನೇ ಇಟ್ಕೊಂಡಿರು."

"ಹೂಂ."

ರೈಲು ಬಂತು. ಬಾಗಿಲಲ್ಲಿ ನಿಂತು ಅತ್ತಿಗೆ, "ಬರ್ತೀನಿ," ಎಂದಳು.

ಇಟ್ಕೊಂಡಿರು, ಬರ್ತೀನಿ. ನಾದಿನಿ ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಬಂದಳು. ಬಂದು ತೆಗೆದುಕೊಂಡು ಹೋಗುವ ತನಕ ಕಾಯ್ದಿಡು ಎಂದೇ ಅವಳಿಗೆ ಅರ್ಥವಾಯಿತು. ಇವತ್ತಲ್ಲ ನಾಳೆ ಅತ್ತಿಗೆ ತನ್ನದೇ ಅಡುಗೆಮನೆ ಮಾಡಿಕೊಳ್ಳುತ್ತಾಳೆ. ಅಷ್ಟರಲ್ಲಿ ಒಂದು ಕಪ್ಪಿನ ಕಿವಿ ಮುರಿದರೂ ಏನೆಂದುಕೊಂಡಾಳು? ಮರುದಿನವೇ ಬೇಕರಿಯಿಂದ ಹಿಟ್ಟಿನ ಖಾಲಿ ಕಾಗದದ ಚೀಲಗಳನ್ನು ತಂದು ಒಂದೊಂದನ್ನೂ ಸುತ್ತಿದಳು. ಡಬ್ಬಿಯನ್ನು ಗೋಡೆಯಿಂದ ಇಳಿಸಿ ಟವೆಲುಗಳ ನಡುವೆ ಇಟ್ಟಳು. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಹಚ್ಚಿದಳು. ಆಮೇಲೆ ಬೇಕರಿಯ ಪೇಪರ್ ಲೋಟದಲ್ಲೇ ಟೀ ಕುಡಿದಳು.

ಒಬ್ಬಳಿಗೆ ಆ ರೂಮಿನ ಬಾಡಿಗೆ ಹೊರೆಯಾಯಿತು. ಸಿಕ್ಕ ಹೊಸ ರೂಮಿನಲ್ಲಿ ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಪೆಟ್ಟಿಗೆ ಇಡಲು ಮನೆಯ ಯಜಮಾನಿ ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಜಾಗ ತೋರಿಸಿದಳು. ನಾದಿನಿ ಆಗಾಗ ಇಳಿದು ನೋಡುತ್ತಿದ್ದಳು. ಟೇಪು ಹಾಗೇ ಇರುತ್ತಿತ್ತು. ಸಮಾಧಾನವಾಗಿ ಹತ್ತಿ ಬರುತ್ತಿದ್ದಳು. ಚಳಿಗಾಲ ಬಂದ ಮೇಲೆ ಇಳಿಯುವುದು ಕಡಿಮೆಯಾಯಿತು.

ಅತ್ತಿಗೆ ಫೋನ್ ಮಾಡಿದಾಗ ಕೇಳುವುದಿತ್ತು, "ಸಾಮಾನೆಲ್ಲ ಹೇಗಿವೆಯೇ?"

"ಹಾಗೇ ಇವೆ ಅತ್ತಿಗೆ."

ಇಬ್ಬರಿಗೂ ಆ ಉತ್ತರ ಸಾಕಾಗುತ್ತಿತ್ತು.

ವರ್ಷ ಕಳೆದ ಮೇಲೆ ಒಂದು ರಜೆಯ ದಿನ ಅತ್ತಿಗೆ ಬಂದಳು. ಕೈಯಲ್ಲಿ ಕಹಿ ಜಾಮಿನ ಬಾಟಲಿ. ಸಾಮಾನು ಒಯ್ಯಲು ಬಂದಳೆಂದು ನಾದಿನಿಗೆ ಖುಷಿಯಾಯಿತು, ಸಂಕಟವೂ ಆಯಿತು. ಟೀ ಮಾಡಿ ಪೇಪರ್ ಲೋಟದಲ್ಲಿ ಕೊಟ್ಟಳು. ಅತ್ತಿಗೆ ಲೋಟ ಹಿಡಿದುಕೊಂಡು ಗೋಡೆಗಳನ್ನು ನೋಡಿದಳು.

"ಉಪ್ಪಿನ ಡಬ್ಬಿ ಎಲ್ಲಿ? ಕಪ್ಪುಗಳೆಲ್ಲಿ?"

"ಕೆಳಗಿವೆ. ಜೋಪಾನವಾಗಿ ಕಟ್ಟಿಟ್ಟಿದ್ದೀನಿ. ಒಂದನ್ನೂ ಮುಟ್ಟಿಲ್ಲ." ನಾದಿನಿ ಇದನ್ನು ಹೆಮ್ಮೆಯಿಂದಲೇ ಹೇಳಿದಳು.

"ಒಂದನ್ನೂ ಮುಟ್ಟಿಲ್ವಾ?"

"ಇಲ್ಲ. ನಿಮ್ಮದಲ್ವಾ."

ಅತ್ತಿಗೆ ಲೋಟ ಕೆಳಗಿಟ್ಟಳು. "ಇನ್ನೊಂದು ಮದುವೆ ಆದೋಳ ಸಾಮಾನು ಅಂತ ಮುಟ್ಟಲಿಲ್ವೇನೇ?"

"ಏನು ಮಾತು ಅಂತ ಆಡ್ತೀರಿ. ನೀವೇ ಅಲ್ವಾ ಇಟ್ಕೊಂಡಿರು ಅಂದಿದ್ದು?"

"ಇಟ್ಕೊಂಡಿರು ಅಂದ್ರೆ ಕೊಟ್ಟೆ ಅಂತ. ತಗೋ ಅಂದ್ರೆ ಕೆಲಸದವಳಿಗೆ ಹಳೇ ಸೀರೆ ಕೊಟ್ಟ ಹಾಗಿರುತ್ತೆ ಅಂತ ಹಾಗಂದೆ."

"ಬರ್ತೀನಿ ಅಂತಲೂ ಅಂದ್ರಲ್ಲ."

"ಹೊರಟು ನಿಂತೋರು ಹೋಗ್ತೀನಿ ಅಂತಾರಾ? ಹೆಣಾನಾ ನಾನು?"

"ಅದು ನನಗೂ ಗೊತ್ತು ಅತ್ತಿಗೆ. ಎರಡೂ ಒಟ್ಟಿಗೆ ಅಂದ್ರಲ್ಲ, ಅದಕ್ಕೆ."

"ಫೋನಲ್ಲಿ ಹಾಗೇ ಇವೆ ಅಂತಿದ್ದೆ. ಮೊದಲಿನ ಹಾಗೇ ಕಿಟಕಿ ಹತ್ರ ಕೂತು ಕುಡೀತಿದಾಳೆ ಅಂದ್ಕೊಂಡೆ."

ಅತ್ತಿಗೆಯ ದನಿ ತಗ್ಗಿತು.

"ಆ ಮನೇಲಿ ಸೌಟು ನೇತುಹಾಕೋ ಮೊಳೆ ಕೂಡ ಅವರ ಮೊದಲನೇ ಹೆಂಡತಿ ಹೊಡೆಸಿದ್ದು. ನಾನು ಸೌಟನ್ನ ಬೇರೆ ಕಡೆ ಇಟ್ರೆ ಅವರು ಬೈಯಲ್ಲ. ಸುಮ್ಮನೆ ಎತ್ತಿ ಅದೇ ಮೊಳೆಗೆ ಹಾಕ್ತಾರೆ. ಒಳ್ಳೇ ಮನುಷ್ಯ. ಆದ್ರೆ ದಿನಾ ಹಾಕ್ತಾರೆ. ಇಲ್ಲಿ ನನಗೂ ಒಂದು ತವರಿದೆ, ನಾನು ಆರಿಸಿದ ಕಪ್ಪಲ್ಲಿ ನಮ್ಮೋಳು ಟೀ ಕುಡೀತಿದಾಳೆ ಅಂದ್ಕೊಂಡು ಒಂದು ವರ್ಷ ತಳ್ಳಿದೆ ಕಣೇ. ಇವತ್ತು ಆ ನೀಲಿ ಎಲೆ ಕಪ್ಪಲ್ಲಿ ಕುಡಿದು ಹೋಗೋಣ ಅಂತ ಬಂದೆ. ಒಯ್ಯೋಕಲ್ಲ."

"ಈಗಲೇ ತರೋಣ ನಡೀರಿ," ಎಂದು ನಾದಿನಿ ಎದ್ದಳು.

ನೆಲಮಾಳಿಗೆಯಲ್ಲಿ ಪೆಟ್ಟಿಗೆಯ ಮೇಲೆ ಯಾರೋ ಬಾಡಿಗೆದಾರರು ಕೆಟ್ಟ ಹೀಟರ್ ತಂದಿಟ್ಟಿದ್ದರು. ಇಬ್ಬರೂ ಸೇರಿ ಅದನ್ನು ಇಳಿಸಿದರು. ಟೇಪು ಹಾಗೇ ಇತ್ತು. ಹಿಂದಿನ ಮೂಲೆಯಲ್ಲಿ ರಟ್ಟು ತೇವಕ್ಕೆ ಮೆತ್ತಗಾಗಿ ತೂತು ಬಿದ್ದಿತ್ತು. ಇಲಿಗಳು ಬಂದದ್ದು ಹಿಟ್ಟಿನ ವಾಸನೆಗೆ. ಚೀಲಗಳನ್ನೆಲ್ಲ ಚೂರು ಮಾಡಿ, ಟವೆಲುಗಳನ್ನು ಕಡಿದು ಗೂಡು ಕಟ್ಟಿದ್ದವು. ಡಬ್ಬಿಯಲ್ಲಿ ಹಿಡಿದಿದ್ದ ಉಪ್ಪಿಗೋ ಏನೋ, ತೊಗಲಿನ ಪಟ್ಟಿಯನ್ನೂ ಅದರ ಸುತ್ತಲಿನ ಮರವನ್ನೂ ತಿಂದಿದ್ದವು. ಸುತ್ತಿದ ಕಾಗದ ಹೋದ ಮೇಲೆ ಹೀಟರಿನ ಭಾರ ನೇರ ಜಗ್ಗು, ಕಪ್ಪುಗಳ ಮೇಲೆ ಕೂತಿತ್ತು. ಜಗ್ಗು ಹಸಿರು ಹರಳಾಗಿತ್ತು. ನೀಲಿ ಎಲೆ ಎರಡು ತುಂಡಾಗಿ ಸಿಕ್ಕಿತು. ಹಳದಿಯದರಲ್ಲಿ ಹಿಡಿ ಮಾತ್ರ ಗುರುತಾಯಿತು.

ಇಡಿಯಾಗಿ ಕಂಡದ್ದು ಎರಡು ಕಪ್ಪು. ಅತ್ತಿಗೆ ಮೆಟ್ಟಿಲ ಮೇಲೆ ಕೂತು ಒಂದನ್ನು ಅಂಗೈ ಮೇಲಿಟ್ಟು ಉಗುರಿನಿಂದ ಬಡಿದಳು. ಟಪ್ ಎಂದಿತು. ಪಕ್ಕಕ್ಕಿಟ್ಟಳು. ಇನ್ನೊಂದನ್ನು ಬಡಿದಳು. ಠಣ್ ಎಂದಿತು. ಅದು ಯಾರಿಗೂ ಬೇಡವಾಗಿದ್ದ ಕಂದು ಕಪ್ಪು.

"ಇದು ನಿನ್ನದು. ತಗೋ," ಎಂದಳು.

ನಾದಿನಿ ಎರಡೂ ಕೈಯೊಡ್ಡಿ ತೆಗೆದುಕೊಂಡಳು. "ಇದರಲ್ಲೇ ಟೀ ಮಾಡಿಕೊಡ್ತೀನಿ, ಕುಡಿದು ಹೋಗಿ ಅತ್ತಿಗೆ."

"ಬೇಡ. ರೈಲಿಗೆ ಹೊತ್ತಾಯ್ತು."

ರೈಲಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅತ್ತಿಗೆ ಮೇಲೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಸ್ಟೇಷನ್ನಿಗೆ ಬರುತ್ತೇನೆ ಎಂದ ನಾದಿನಿಯನ್ನು ಬೇಡವೆಂದು ತಡೆದಳು. ಅವಳ ಕೂದಲಲ್ಲಿದ್ದ ಹಿಟ್ಟನ್ನು ಕೊಡವಲು ಕೈ ಎತ್ತಿದವಳು ಕೊಡವದೆ ಇಳಿಸಿದಳು.

"ಹೋಗ್ತೀನಿ," ಎಂದಳು.

ನಾದಿನಿ ಕೆಳಗಿಳಿದು ಹೋಗಿ ಚೂರುಗಳನ್ನು ಗುಡಿಸಿದಳು. ಐದು ಕಪ್ಪು, ಒಂದು ಜಗ್ಗು, ಮೂರು ಟವೆಲು, ಒಂದು ಉಪ್ಪಿನ ಡಬ್ಬಿ.