ಎಂಟು ದಿನದ ನೈದಿಲೆ

ಮೂರನೆಯ ಸಲ ತುಂಬಿಸಿದ ನೀರನ್ನೂ ಶಂಕರೆಪ್ಪ ಚೆಲ್ಲಿಬಿಟ್ಟ. ಬೆರಳು ಅದ್ದಿ ನಾಲಗೆಗೆ ಹಚ್ಚಿ ನೋಡಿದ್ದ. ಸುಣ್ಣದ ಒಗರು ಇನ್ನೂ ಇತ್ತು. ಬಾನಿಯ ಬಿರುಕಿಗೆ ಅವನೇ ಸುಣ್ಣದ ಗಚ್ಚು ಮೆತ್ತಿ ಹತ್ತು ದಿನವಾಗಿತ್ತು. ಸುಣ್ಣದ ನೀರಿನಲ್ಲಿ ಗಿಡದ ಬೇರು ಸುಟ್ಟುಹೋಗುತ್ತದೆಂದು ಓದಿದ್ದ. ಓದಿದ್ದನ್ನು ಮಾಡುವಾಗ ಅವನಿಗೆ ಯಾವ ಅಂಜಿಕೆಯೂ ಇರುತ್ತಿರಲಿಲ್ಲ.

ಎಮ್ಮೆ ನೀರು ಕುಡಿಯುತ್ತಿದ್ದ ಕಲ್ಲಿನ ಬಾನಿ ಅದು. ಹೆಂಡತಿ ಸಾವಿತ್ರವ್ವ ಹಾಸಿಗೆ ಹಿಡಿದ ಮೇಲೆ ಹಿಂಡುವವರಿಲ್ಲದೆ ಎಮ್ಮೆಯನ್ನು ಮಾರಿದ್ದ. ಅವಳು ಮಲಗುವ ಹಗ್ಗದ ಹೊರಸು ಈಗ ಹಿತ್ತಲ ಪಡಸಾಲೆಯಲ್ಲಿತ್ತು. ಅಲ್ಲಿಂದ ಬಾನಿ ನಾಲ್ಕು ಮೊಳ ದೂರ. ಅವಳು ಹೊಳೆದಂಡೆಯ ಊರವಳು. ಮದುವೆಯಾಗಿ ಬಿಳೂರಿಗೆ ಬಂದ ವರ್ಷ, ನಿಮ್ಮೂರಲ್ಲಿ ನೀರು ಬಾವಿಯೊಳಗೆ ಅಡಗಿ ಕೂತಿದೆ ಎಂದು ನಕ್ಕಿದ್ದಳು. ಅವಳು ಮಲಗಿದಲ್ಲಿಂದಲೇ ನೀರು ಕಾಣಲಿ ಎಂದು ಈ ಕೊಳ ಮಾಡುತ್ತಿರುವುದಾಗಿ ನೆರೆಯ ಸಂಗವ್ವನಿಗೆ ಹೇಳಿದ್ದ. ಹೇಳಿದ ಮೇಲೆ ಅದು ಅವನಿಗೂ ನಿಜವೆನಿಸಿತ್ತು.

ಮೀರಜಿನ ಡಾಕ್ಟರರು ಅವನೊಬ್ಬನನ್ನೇ ಒಳಗೆ ಕರೆದಿದ್ದರು. ಹೊಟ್ಟೆಯ ಗಡ್ಡೆ ತೆಗೆಯುವ ಹಂತ ದಾಟಿದೆ, ದೀಪಾವಳಿಯವರೆಗೆ ಇದ್ದರೆ ಹೆಚ್ಚು ಎಂದಿದ್ದರು. ಈಗ ಶ್ರಾವಣ. ಬರೀ ಬಾವು, ಔಷಧಕ್ಕೆ ಕರಗುತ್ತದೆ ಎಂದು ಅವಳಿಗೆ ಹೇಳಿದ್ದ. ಶಾಲೆಯಲ್ಲಿ ಮರಾಠಿಯಲ್ಲಿ ವಿಜ್ಞಾನ ಕಲಿಸುತ್ತಿದ್ದ. ಮನೆಗೆ ಬಂದು ಕನ್ನಡದಲ್ಲಿ ಸುಳ್ಳು ಹೇಳುತ್ತಿದ್ದ. ಎರಡೂ ಕೆಲಸ ತನಗೆ ಚೆನ್ನಾಗಿ ಬರುತ್ತವೆಂದುಕೊಂಡಿದ್ದ.

ಹೊರಸಿನ ಪಕ್ಕ ಕೂತರೆ ಮಾತಾಡಬೇಕಾಗುತ್ತಿತ್ತು. ಬಾನಿಯ ಪಕ್ಕ ಕೂತರೆ ಕೆಲಸವಿರುತ್ತಿತ್ತು.

ನಾಲ್ಕನೆಯ ಸಲ ನೀರು ತುಂಬಿ ರುಚಿ ನೋಡಿದ. ಒಗರು ಹೋಗಿತ್ತು. ಇನ್ನು ಗಿಡ ತರಬಹುದು. ಆವತ್ತು ರವಿವಾರ.

"ತಾವರೀನ ತರ್ರಿ," ಎಂದಳು ಸಾವಿತ್ರವ್ವ. ಮಲಗಿದಲ್ಲಿಂದ ಕತ್ತು ಮಾತ್ರ ತಿರುಗಿಸಿದ್ದಳು. ತವರಿನ ಕೆರೆಯಲ್ಲಿ ತಾವರೆ ಎಲೆ ಕಿತ್ತು ತಲೆಗೆ ಹೊದ್ದುಕೊಳ್ಳುತ್ತಿದ್ದುದನ್ನು ಹೇಳತೊಡಗಿದಳು. ಅವನು ಚಪ್ಪಲಿ ಮೆಟ್ಟಿ ಹೊರಟ.

ಊರ ಹೊರಗೆ ಇನಾಮದಾರರ ವಾಡೆಯಿತ್ತು. ಸಂಸ್ಥಾನ ವಿಲೀನವಾಗಿ ಆರು ವರ್ಷವಾಗಿತ್ತು. ಇನಾಮದಾರರು ಪುಣೆ ಸೇರಿದ್ದರು. ಮಾಲಿ ರಾಜೇಸಾಬನಿಗೆ ಯಾರೂ ಹೋಗು ಎನ್ನಲಿಲ್ಲವಾದ್ದರಿಂದ ಅವನು ಅಲ್ಲೇ ಉಳಿದಿದ್ದ. ನಿಂತುಹೋದ ಕಾರಂಜಿಯ ಹೌದಿನ ತೊಟ್ಟಿಯಲ್ಲಿ ಗೇಣುದ್ದ ನೀರಿಗಿಳಿದು ಮುದುಕ ಎಲೆ ಸವರುತ್ತಿದ್ದ.

ಬಾನಿಗೆ ಗಿಡ ಬೇಕೆಂದಾಗ ಎಲ್ಲವನ್ನೂ ತೋರಿಸಿದ. ಅಂತರಗಂಗೆ ಬೇಡ, ಹದಿನೈದು ದಿನದಲ್ಲಿ ಬಾನಿ ಮುಚ್ಚಿಬಿಡುತ್ತದೆ. ಜೊಂಡಿನಂಥ ಆಪು ಬೇಡ, ಅದರ ಬೇರು ಗಚ್ಚು ಒಡೆಯುತ್ತದೆ. ಬಜೆಯನ್ನು ಬೇಕಾದರೆ ಅಂಚಿಗಿಡಬಹುದು. ಆಮೇಲೆ ಕೆಸರೊಳಗೆ ಕೈಹಾಕಿ ತೋಳುದ್ದದ ಬೇರೊಂದನ್ನು ಎತ್ತಿದ.

"ತಾವರಿ ಗಡ್ಡಿ ಒಯ್ರಿ ಮಾಸ್ತರ. ಮುಂದಿನ ಮಳಿಗಾಲಕ್ಕ ಹೂವು. ಒಮ್ಮೆ ಬೇರು ಹಿಡೀತಂದ್ರ ಹತ್ತು ವರ್ಸ ನೋಡೂದ ಬ್ಯಾಡ."

ಗಡ್ಡೆ ಎಂಬ ಮಾತಿಗೆ ಶಂಕರೆಪ್ಪ ಮುಖ ತಿರುಗಿಸಿದ. ಈ ತಿಂಗಳಲ್ಲೇ ಅರಳುವುದು ಯಾವುದು ಎಂದು ಕೇಳಿದ. ಪಾಠದ ಪ್ರಶ್ನೆ ಕೇಳುವ ದನಿಯಲ್ಲಿ ಕೇಳಿದ್ದ. ರಾಜೇಸಾಬ ತಾವರೆಯ ಬೇರನ್ನು ಮೆಲ್ಲಗೆ ಮತ್ತೆ ಕೆಸರಿಗೆ ಇಳಿಬಿಟ್ಟ.

"ನೈದಿಲಿ ಒಯ್ರಿ. ಮೊಗ್ಗಿ ಐತಿ. ಎಂಟು ದಿನ."

ಒದ್ದೆ ಗೋಣಿಯಲ್ಲಿ ಸುತ್ತಿದ ನೈದಿಲೆಯನ್ನು ಎದೆಗೊತ್ತಿಕೊಂಡು ವಾಪಸು ನಡೆಯುವಾಗ ಅವನ ಮನಸ್ಸು ಹಗುರಾಗಿತ್ತು. ಕೊಳದ ಪಕ್ಕ ಒಂದು ಖುರ್ಚಿ ಹಾಕಬೇಕು. ಸಂಜೆ ಶಾಲೆಯಿಂದ ಬಂದು ಅಲ್ಲಿ ಓದುತ್ತ ಕೂಡಬೇಕು. ಹಿತ್ತಲು ತೆರವಾಗಿ, ತಂಪಾಗಿ ಕಣ್ಣಿಗೆ ಕಟ್ಟಿತು. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ಆ ಹಿತ್ತಲ ಪಡಸಾಲೆಯಲ್ಲಿ ಹೊರಸು ಇರಲಿಲ್ಲವೆಂದು ಹೊಳೆಯಿತು. ನಿಂತ. ತನ್ನನ್ನು ಬೈದುಕೊಳ್ಳಲು ನೋಡಿದ. ಬೈಗುಳ ಬೇರೆ ಯಾರಿಗೋ ಎಂಬಂತೆ ಹಾದುಹೋಯಿತು. ಮತ್ತೆ ನಡೆದ.

ಸಾವಿತ್ರವ್ವ ತಲೆ ಬಾಚಿಸಿಕೊಂಡು ಗೋಡೆಗೊರಗಿ ಕೂತಿದ್ದಳು. ಸಂಗವ್ವ ಆಗಷ್ಟೇ ಮನೆಗೆ ಹೋಗಿದ್ದಳಂತೆ. ಅವನು ಮಣ್ಣಿನ ಕುಂಡದಲ್ಲಿ ಎರೆ ಮಣ್ಣು ತುಂಬಿ, ಗಿಡ ನೆಟ್ಟು, ಕೆಸರು ಏಳದಂತೆ ಮೇಲೆ ಉಸುಕು ಹರವಿದ.

"ತಾವರಿ ಅಲ್ಲದು," ಎಂದಳು.

"ಸಿಗಲಿಲ್ಲ."

"ರಾಜೇಸಾಬನ ಹೌದಿನ್ಯಾಗ ಭಾಳ ಅದಾವಂತ ಸಂಗವ್ವ ಹೇಳಿದ್ಳು."

ಅವನು ಉಸುಕನ್ನು ಅಂಗೈಯಿಂದ ಮತ್ತೊಮ್ಮೆ ಸಮ ಮಾಡಿದ. ತಾವರೆ ಹೂ ಬಿಡಲು ತಡವಾಗುತ್ತದೆ ಎಂದ. ಎಷ್ಟು ತಡ ಎಂದು ಅವಳು ಕೇಳಿದಳು. ಮುಂದಿನ ಮಳೆಗಾಲ ಎಂದ.

"ಇದು?"

"ಎಂಟು ದಿನ." ಬಾಯಿಂದ ಬಿದ್ದಮೇಲೆ, ಎಲ್ಲವನ್ನೂ ಹೇಳಿಬಿಟ್ಟೆನೆಂದು ಅವನಿಗೆ ತಿಳಿಯಿತು.

ಅವಳು ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮೀರಜಿನ್ಯಾಗ ಡಾಕ್ಟರ ಕಡಿಂದ ಹೊರಗ ಬಂದಾಗ ನೀವು ನಕ್ಕೋಂತ ಬಂದ್ರಿ," ಎಂದಳು. "ನಾ ಖರೇನ ಅನಕೊಂಡೆ."

ಅವನು ಏನಾದರೂ ಹೇಳಬೇಕಿತ್ತು. ಸುಳ್ಳು ಸಿದ್ಧವಾಗಿತ್ತು, ಅದಕ್ಕೂ ಮೊದಲು ಒಂದು ನಿರಾಳ ಬಂದು ಎದೆಯಲ್ಲಿ ಕೂತಿತು. ಇನ್ನು ಹೇಳಬೇಕಾಗಿಲ್ಲ. ಆ ನಿರಾಳ ತನ್ನ ಮುಖದಲ್ಲಿ ಕಂಡೀತೆಂದು ತಲೆ ತಗ್ಗಿಸಿದ. ಅವಳು ಕಂಡಿದ್ದಳು.

"ಹೊರಸು ತಿರುಗಿಸ್ರಿ," ಎಂದಳು. "ಗ್ವಾಡಿ ಕಡೆ."

ತಿರುಗಿಸಿದ. ಅವಳು ಹಗುರಾಗಿದ್ದಳು, ಒಬ್ಬನೇ ಹೊರಸಿನ ಒಂದು ತುದಿ ಎತ್ತಿ ತಿರುಗಿಸಿಟ್ಟ. ಗೋಡೆಗೆ ಮುಖ ಮಾಡಿ ಅವಳು ಮಲಗಿದಳು.

ಹೊತ್ತು ಇಳಿಯುತ್ತಿತ್ತು. ಮಾಡುವ ಕೆಲಸ ಇನ್ನೂ ಒಂದು ಉಳಿದಿತ್ತು. ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಬಾನಿಯೊಳಗೆ ಇಳಿಸಿದ. ಅದು ತಳ ಮುಟ್ಟಿತು. ಎಲೆಗಳು ಮಾತ್ರ ಮೇಲೆ ಬರಲಿಲ್ಲ. ಹೌದಿನ ನೀರಿಗೆ ಆಳವಿಲ್ಲದ್ದರಿಂದ ದಂಟುಗಳು ಗಿಡ್ಡವಾಗಿದ್ದವು. ಬಾನಿಯ ನೀರು ಅವುಗಳಿಗಿಂತ ಒಂದು ಗೇಣು ಹೆಚ್ಚಿತ್ತು. ಮೊಗ್ಗು ಬಾಗಿ, ನೀರೊಳಗೆ ಒಂದೇ ಕಡೆ ವಾಲಿ ನಿಂತಿತು.

ಅವನು ಮೊಣಕೈಯವರೆಗೆ ತೋಳು ಇಳಿಸಿ ಕುಂಡವನ್ನು ಎತ್ತಿ ಹಿಡಿದ. ಎಲೆಗಳು ಮೇಲೆ ಬಂದು ಬಿಚ್ಚಿ ಹರಡಿದವು. ಮೊಗ್ಗು ನೆಟ್ಟಗಾಯಿತು. ಕೆಳಗೆ ಎರಡು ಇಟ್ಟಿಗೆ ಇಟ್ಟರೆ ಸಾಕಿತ್ತು. ಇಟ್ಟಿಗೆಗಳು ಪಡಸಾಲೆಯಲ್ಲಿ, ಹೊರಸಿನ ಆಚೆಗಿದ್ದವು.

ಬಿಟ್ಟು ಹೋಗಿ ತರಬಹುದಿತ್ತು. ಅವನು ಹೋಗಲಿಲ್ಲ. ಬೆನ್ನು ಬಾಗಿಸಿ, ಕುಂಡವನ್ನು ಎತ್ತಿ ಹಿಡಿದುಕೊಂಡೇ ನಿಂತ. ಕೈ ಸೋತು ಕುಂಡ ತುಸು ತಗ್ಗಿದಾಗ ಎಲೆಗಳ ಮೇಲೆ ನೀರು ಏರುತ್ತಿತ್ತು. ಎತ್ತಿದಾಗ ಇಳಿಯುತ್ತಿತ್ತು. ಕೆಸರು ಮೆಲ್ಲಗೆ ಎದ್ದು, ನೀರಿನಲ್ಲಿದ್ದ ಅವನ ಕೈಗಳು ಅವನಿಗೇ ಕಾಣದಾದವು.